ಸ್ವಿಚ್ ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ತಡೆಯುವುದು ಹೇಗೆ?

ಒಂದೇ ಕೇಬಲ್‌ನ ಎರಡೂ ತುದಿಗಳನ್ನು ಒಂದೇ ಸ್ವಿಚ್‌ಗೆ ಸಿಕ್ಕಿಸಿದರೆ ಸಾಕು, ಲೂಪ್ ಆಗಿ, ಅಂದರೆ ಡೇಟಾ ಸುತ್ತುತ್ತಲೇ ಇದ್ದು, ಇಡೀ ನೆಟ್‌ವರ್ಕ್ ಕುಸಿಯಬಹುದು. ಐಪಿ ಪ್ಯಾಕೆಟ್‌ನ ಟಿಟಿಎಲ್ (ಅದು ಇನ್ನೆಷ್ಟು ರೂಟರ್ ದಾಟಬಹುದು ಎಂಬ ಎಣಿಕೆ) ಪ್ರತಿ ರೂಟರ್‌ನಲ್ಲೂ ಒಂದೊಂದು ಕಡಿಮೆಯಾಗುತ್ತದೆ, ಸೊನ್ನೆಯಾದಾಗ ಪ್ಯಾಕೆಟ್ ಅಲ್ಲಿಗೇ ಮುಗಿಯುತ್ತದೆ. ಸ್ವಿಚ್‌ಗಳು ಸಾಗಿಸುವ ಈಥರ್‌ನೆಟ್ ಫ್ರೇಮ್‌ಗೆ ಅಂಥ ಲೆಕ್ಕವೇ ಇಲ್ಲ. ಎಲ್ಲರಿಗೂ ಕಳಿಸುವ ಬ್ರಾಡ್‌ಕಾಸ್ಟ್ ಫ್ರೇಮ್ ಸುತ್ತುತ್ತಲೇ ಇರುತ್ತದೆ, ಸುತ್ತಿದಾಗಲೆಲ್ಲ ಎಲ್ಲ ಪೋರ್ಟ್‌ಗಳಿಗೂ ಹರಿಯುತ್ತದೆ.

ಹಾಗಂತ ಸ್ವಿಚ್‌ಗಳ ನಡುವೆ ಒಂದೇ ದಾರಿ ಇಟ್ಟರೆ, ಅದು ಕಡಿದ ದಿನ ಎಲ್ಲವೂ ನಿಲ್ಲುತ್ತದೆ, ಅಲ್ವಾ? ಇದಕ್ಕಾಗಿಯೇ 1985ರಲ್ಲಿ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ಎಂಬ ಪ್ರೋಟೋಕಾಲ್ (ಎಸ್‌ಟಿಪಿ) ರೂಪಿಸಿದರು. ಹೆಚ್ಚುವರಿ ದಾರಿಯನ್ನು ಅದು ಮುಚ್ಚಿಡುತ್ತದೆ, ಬೇಕಾದಾಗ ತೆರೆಯುತ್ತದೆ.

ಮೊದಲು ಎಲ್ಲ ಸ್ವಿಚ್‌ಗಳಲ್ಲೂ ಇದು ಆನ್ ಇದೆಯೇ ನೋಡಿ. ಹಳೆಯ ಎಸ್‌ಟಿಪಿ ಬದಲು ಅದರ ವೇಗದ ರೂಪವಾದ ಆರ್‌ಎಸ್‌ಟಿಪಿ ಆರಿಸಿ. ಹಳೆಯದರಲ್ಲಿ ದಾರಿ ಬದಲಾಗಲು 30ರಿಂದ 50 ಸೆಕೆಂಡ್ ಬೇಕು. ಹೊಸದರಲ್ಲಿ ಸಾಮಾನ್ಯವಾಗಿ ಕೆಲವೇ ಸೆಕೆಂಡ್ ಸಾಕು.

ಆಮೇಲೆ ರೂಟ್ ಬ್ರಿಡ್ಜ್, ಅಂದರೆ ಎಲ್ಲ ದಾರಿಗಳ ಲೆಕ್ಕಕ್ಕೆ ಕೇಂದ್ರವಾಗುವ ಸ್ವಿಚ್. ಜಾಸ್ತಿ ಜನ ಕೈಬಿಡುವುದು ಇದನ್ನೇ. ಅದನ್ನು ಆರಿಸಲು ಬಳಸುವ ಪ್ರಯಾರಿಟಿ ಸಂಖ್ಯೆ ಮೊದಲಿಗೆ ಎಲ್ಲದರಲ್ಲೂ 32768 ಇರುತ್ತದೆ. ಹಾಗೇ ಬಿಟ್ಟರೆ ಅತಿ ಚಿಕ್ಕ ಮ್ಯಾಕ್ ವಿಳಾಸದ (ಸಾಧನದ ಹಾರ್ಡ್‌ವೇರ್ ಸಂಖ್ಯೆ) ಸ್ವಿಚ್ ರೂಟ್ ಆಗುತ್ತದೆ. ಅದು ಮೂಲೆಯಲ್ಲಿರುವ ಹಳೇ ಸ್ವಿಚ್ ಆಗಿದ್ದರೆ ಬಹಳಷ್ಟು ಟ್ರಾಫಿಕ್ ಅದರ ಮೂಲಕವೇ ಸುತ್ತಿ ಬರಬೇಕಾಗಬಹುದು. ಆದ್ದರಿಂದ ನಡುವಿನ ಬಲವಾದ ಸ್ವಿಚ್‌ಗೆ 4096, ಅದರ ಬದಲಿಗೆ ನಿಲ್ಲಬೇಕಾದ್ದಕ್ಕೆ 8192 ಕೊಡಿ. ಈ ಸಂಖ್ಯೆ 4096ರ ಗುಣಕವೇ ಆಗಿರಬೇಕು, ಕಡಿಮೆ ಇದ್ದದ್ದು ಗೆಲ್ಲುತ್ತದೆ.

ಕಂಪ್ಯೂಟರ್, ಪ್ರಿಂಟರ್ ಸೇರುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ (ಕಾಯದೆ ತಕ್ಷಣ ತೆರೆಯುವ ಪೋರ್ಟ್) ಮಾಡಿ, ಬಿಪಿಡಿಯು (ಸ್ವಿಚ್‌ಗಳು ಕಳಿಸುವ ಸ್ಪ್ಯಾನಿಂಗ್ ಟ್ರೀ ಸಂದೇಶ) ಗಾರ್ಡ್ ಹಾಕಿ. ಅಲ್ಲಿಗೆ ಯಾರಾದರೂ ಸ್ಪ್ಯಾನಿಂಗ್ ಟ್ರೀ ಮಾತಾಡುವ ಸ್ವಿಚ್ ಸಿಕ್ಕಿಸಿದರೆ ಪೋರ್ಟ್ ತಾನೇ ಮುಚ್ಚಿಕೊಳ್ಳುತ್ತದೆ. ಗಾರ್ಡ್ ಇಲ್ಲದೆ ಎಡ್ಜ್ ಮಾತ್ರ ಮಾಡಬೇಡಿ. ಜೊತೆಗೆ ಬ್ರಾಡ್‌ಕಾಸ್ಟ್ ಮಿತಿ ಮೀರಿದರೆ ತಡೆಯುವ ಸ್ಟಾರ್ಮ್ ಕಂಟ್ರೋಲ್ ಇದ್ದರೆ ಒಳ್ಳೆಯದು: ಕೆಲವು ಅಗ್ಗದ ಸ್ವಿಚ್‌ಗಳು ಬಿಪಿಡಿಯುಗಳನ್ನು ನುಂಗಿಬಿಡುತ್ತವೆ, ಆಗ ಗಾರ್ಡ್‌ಗೆ ಲೂಪ್ ಕಾಣಿಸುವುದೇ ಇಲ್ಲ.

ವೇಗಕ್ಕಾಗಿ ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಹಾಕುವುದಾದರೆ ಸುಮ್ನೆ ಸಿಕ್ಕಿಸಬೇಡಿ. ಎರಡೂ ಕಡೆ, ಕೇಬಲ್‌ಗಳನ್ನು ಒಂದೇ ಲಿಂಕ್‌ನಂತೆ ಮಾಡುವ ಎಲ್‌ಎಸಿಪಿ ಹೊಂದಿಸಿ, ಆಮೇಲೆ ಕೇಬಲ್ ಜೋಡಿಸಿ.

ಇಷ್ಟಾದ ಮೇಲೂ ಲೂಪ್ ಆದರೆ? ಪೋರ್ಟ್ ದೀಪಗಳೆಲ್ಲ ಒಟ್ಟಿಗೆ ಬಿಡದೆ ಮಿನುಗುತ್ತವೆ, ಒಂದೇ ಮ್ಯಾಕ್ ವಿಳಾಸ ಎರಡು ಪೋರ್ಟ್‌ಗಳ ನಡುವೆ ಜಿಗಿದಾಡುತ್ತದೆ. ಸ್ವಿಚ್‌ಗಳ ನಡುವಿನ ಕೇಬಲ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ದೀಪಗಳು ಶಾಂತವಾಗುತ್ತವೋ, ಆ ಕೇಬಲ್‌ನ ಆಚೆ ತುದಿಯಿಂದ ಹುಡುಕಲು ಶುರುಮಾಡಿ.