ಹೈಬ್ರಿಡ್ ಕಾರು ಕೊಳ್ಳುವ ಮುನ್ನ ಆಗುಂಬೆ ಘಾಟಿ ಇಳಿಸಿ ನೋಡಿ

ತೀರ್ಥಹಳ್ಳಿಯ ಹತ್ತಿರ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಅಪ್ಪಯ್ಯನಿಗೆ ಮಂಡಿ ನೋವು, ತಿಂಗಳಿಗೆ ಎರಡು ಸಲ ಶಿವಮೊಗ್ಗದ ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. ಹಳೆಯ ಡೀಸೆಲ್ ಕಾರನ್ನು ಕೊಟ್ಟು ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆಗೆ ಬ್ಯಾಟರಿ, ವಿದ್ಯುತ್ ಮೋಟಾರೂ ಇರುವ ಕಾರು ತಂದ ಮೇಲೆ ನೆಂಟರೆಲ್ಲ ಕೇಳುವುದು ಒಂದೇ ಪ್ರಶ್ನೆ: ಹೊಸ ರೂಪದ ಕಾರು ಬಂದಿದೆಯಂತೆ, ಏನೇನು ನೋಡಬೇಕು? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಹೊಸತು ಯಾವುದು ಎಂದು ತಿಳಿದುಕೊಳ್ಳಿ. ಹಳೆಯ ಮಾದರಿಯ ಮತ್ತು ಹೊಸ ಮಾದರಿಯ ವಿವರಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು, ಎರಡರಲ್ಲೂ ಒಂದೇ ಇರುವುದನ್ನು ಪೆನ್ಸಿಲಿನಿಂದ ಹೊಡೆದುಹಾಕಿ. 2023ರಲ್ಲಿ ಹೋಂಡಾ ಸಿಟಿ ಹೈಬ್ರಿಡ್ ಹೊಸ ರೂಪದಲ್ಲಿ ಬಂದಾಗ ಮುಂದಿನ ಜಾಲರಿ, ಬಂಪರ್ ಬದಲಾದವು, ವೈರ್‌ಲೆಸ್ ಚಾರ್ಜರ್‌ನಂಥ ಸೌಲಭ್ಯಗಳು ಸೇರಿದವು. ಆದರೆ 1.5 ಲೀಟರಿನ ಪೆಟ್ರೋಲ್ ಎಂಜಿನ್ ಮತ್ತು ಎರಡು ಮೋಟಾರುಗಳ ಏರ್ಪಾಡು ಹಿಂದಿನದೇ. ಡಿಕ್ಕಿಯನ್ನೂ ನೋಡಿ: ಬರೀ ಪೆಟ್ರೋಲಿನ ಸಿಟಿಯಲ್ಲಿ 506 ಲೀಟರ್ ಜಾಗವಿದ್ದರೆ ಹೈಬ್ರಿಡ್‌ನಲ್ಲಿ ಅದಕ್ಕಿಂತ ಕಡಿಮೆ. ಉಳಿದ ಜಾಗ ಬ್ಯಾಟರಿಗೆ ಹೋಗಿದೆ. ಹಾಗಾಗಿ ಶೋರೂಮಿಗೆ ಹೋಗುವಾಗ ನಿಮ್ಮ ಮನೆಯ ಸಾಮಾನನ್ನೇ ಒಯ್ಯಿರಿ. ಅಪ್ಪಯ್ಯನ ವಾಕರನ್ನು ಮಡಚಿ ಡಿಕ್ಕಿಯಲ್ಲಿ ಮಲಗಿಸಿ, ಬಾಗಿಲು ಹಾಕಿ ನೋಡಿದ ಮೇಲೆಯೇ ನಾನು ಬೆಲೆಯ ಮಾತಿಗೆ ಕುಳಿತದ್ದು. ಅಪ್ಪಯ್ಯನನ್ನು ಮೂರು ಸಲ ಹತ್ತಿಸಿ ಇಳಿಸಿಯೂ ನೋಡಿದೆ. ಸೀಟು ತೀರಾ ತಗ್ಗಾಗಿದ್ದರೆ ಮಂಡಿ ನೋವಿನವರಿಗೆ ಏಳುವುದೇ ಕಷ್ಟ.

ನೆಲದಿಂದ ಕಾರಿನ ತಳಕ್ಕಿರುವ ಎತ್ತರವನ್ನೂ ಕೇಳಿ. ಸಿಟಿಗೆ 165 ಮಿಲಿಮೀಟರ್, ಹೈಬ್ರಿಡ್‌ನಲ್ಲೂ ಸಿಗುವ ಟೊಯೊಟಾ ಹೈರೈಡರ್‌ಗೆ 210. ದಣಪೆ ದಾಟಿ, ದರೆಯ ಪಕ್ಕದ ಕೆಮ್ಮಣ್ಣಿನ ಕೊರಕಲಿನಲ್ಲಿ ಮನೆಗೆ ಬರುವ ನಮ್ಮಂಥವರಿಗೆ ಈ 45 ಮಿಲಿಮೀಟರ್ ದೊಡ್ಡ ಮಾತು.

ಇನ್ನು ಓಡಿಸಿ ನೋಡುವ ವಿಚಾರ. ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದರೆ ಸಾಲದು. ಅರ್ಧ ದಿನ ಕಾರು ಕೇಳಿ, ಕೊಟ್ಟರೆ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯಿರಿ. ಹೈಬ್ರಿಡ್‌ನ ಗುಣ ಗೊತ್ತಾಗುವುದು ಆ ಹದಿನಾಲ್ಕು ತಿರುವುಗಳಲ್ಲಿ. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಚಕ್ರಗಳು ಮೋಟಾರನ್ನು ತಿರುಗಿಸುತ್ತವೆ, ಅದು ವಿದ್ಯುತ್ ಮಾಡಿ ಬ್ಯಾಟರಿಗೆ ತುಂಬುತ್ತದೆ, ಕಾರು ತಾನಾಗಿ ನಿಧಾನವಾಗುತ್ತದೆ. ಟೊಯೊಟಾದಲ್ಲಿ ಗೇರ್ ಹಿಡಿಯನ್ನು ‘ಬಿ’ಗೆ ತನ್ನಿ, ಸಿಟಿಯಲ್ಲಿ ಸ್ಟೇರಿಂಗ್ ಹಿಂದಿನ ಪುಟ್ಟ ಹಿಡಿಗಳನ್ನು ಎಳೆಯಿರಿ, ಹಿಡಿತ ಇನ್ನೂ ಹೆಚ್ಚುತ್ತದೆ.

ಆದರೆ ಈ ಕಾರುಗಳ ಬ್ಯಾಟರಿ ಚಿಕ್ಕದು. ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ ಹೇಳುವುದಾದರೆ ಸಿಟಿಯದೂ ಹೈರೈಡರ್‌ನದೂ ಒಂದು ಯೂನಿಟ್ಟಿಗಿಂತ ಕಡಿಮೆ. ಸುಮಾರು ಅರ್ಧ ಕಿಲೋಮೀಟರ್ ಎತ್ತರದಿಂದ ಇಳಿಯುವಾಗ ಅದು ನಡುದಾರಿಯಲ್ಲೇ ತುಂಬಿಬಿಡುತ್ತದೆ. ಆಗ ಎಂಜಿನ್ ಇದ್ದಕ್ಕಿದ್ದಂತೆ ಗುಂಯ್ ಎಂದು ಕೂಗತೊಡಗುತ್ತದೆ. ಮೊದಲ ಸಲ ನಾನು ಹೆದರಿ ಬದಿಗೆ ನಿಲ್ಲಿಸಿದ್ದೆ. ಹೆದರಬೇಡಿ: ಹೆಚ್ಚಾದ ವಿದ್ಯುತ್ತನ್ನು ಕಳೆಯಲು ಕಾರು ಪೆಟ್ರೋಲ್ ಸುಡದೆಯೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ಬ್ರೇಕ್ ಪೆಡಲ್ ನಿಮ್ಮ ಕಾಲಿಗೆ ಹೇಗೆ ಸಿಗುತ್ತದೆ ಎಂಬುದನ್ನು ಗಮನವಿಟ್ಟು ನೋಡಿ. ಮೇಲೆ ಹತ್ತುವಾಗ ಮನೆಮಂದಿಯನ್ನೆಲ್ಲ ಕೂರಿಸಿಕೊಳ್ಳಿ. ಒಬ್ಬರೇ ಹತ್ತಿಸಿದರೆ ಎಂಜಿನ್ನಿನ ಉಸಿರು ತಿಳಿಯುವುದಿಲ್ಲ.

ಮೈಲೇಜ್ ಬಗ್ಗೆ ಇಷ್ಟೇ. ಈ ಎರಡು ಕಾರುಗಳಿಗೂ ಕಂಪನಿ ಹೇಳುವ ಲೀಟರಿಗೆ 27 ಚಿಲ್ಲರೆ ಕಿಲೋಮೀಟರ್ ಪ್ರಯೋಗಾಲಯದ ಲೆಕ್ಕ. ಹೈಬ್ರಿಡ್ ಹೆಚ್ಚು ಉಳಿಸುವುದು ನಿಂತು ನಿಂತು ಸಾಗುವ ಪೇಟೆಯಲ್ಲಿ. ಶಿವಮೊಗ್ಗದಿಂದ ಊರಿಗೆ ಬರುವಾಗ ಗಾಜನೂರು, ಮಂಡಗದ್ದೆ ದಾಟಿ ಒಂದೇ ವೇಗದಲ್ಲಿ ಓಡುವಾಗ ಆ ಲಾಭ ಇಳಿಯುತ್ತದೆ.

ಹೊಸ ಮಾದರಿಗಳಲ್ಲಿ ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇಟ್ಟು, ಕಾರು ತಾನೇ ಬ್ರೇಕ್ ಹಾಕುವ, ಗೆರೆ ದಾಟಿದರೆ ಎಚ್ಚರಿಸುವ ಸೌಲಭ್ಯ ಕೊಡುತ್ತಾರೆ. ಒಳ್ಳೆಯದೇ. ಆದರೆ ಆಗುಂಬೆಯ ಮಂಜಿನಲ್ಲಿ ನಮಗೆ ಕಾಣದಿದ್ದರೆ ಆ ಕ್ಯಾಮೆರಾಕ್ಕೂ ಕಾಣುವುದಿಲ್ಲ, ಊರೊಳಗಿನ ರಸ್ತೆಗಳಲ್ಲಿ ಗೆರೆಯೇ ಇರುವುದಿಲ್ಲ. ಆ ಸೌಲಭ್ಯವನ್ನು ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಮೊದಲೇ ತೋರಿಸಿಕೊಳ್ಳಿ. ಈ ಸೌಲಭ್ಯಕ್ಕೆಂದೇ ಮೇಲಿನ ದರ್ಜೆಯ ಕಾರಿಗೆ ಹಣ ಹಾಕಬೇಡಿ ಎಂದು ನನ್ನ ತಂಗಿಗೂ ಹೇಳಿದ್ದೇನೆ.

ಮಳೆಗಾಲಕ್ಕೆ ಮೂರು ಮಾತು. ಕೆಲವು ಹೈಬ್ರಿಡ್‌ಗಳಲ್ಲಿ ಬ್ಯಾಟರಿ ತಂಪಾಗಲು ಹಿಂದಿನ ಸೀಟಿನ ಬಳಿ ಗಾಳಿಕಿಂಡಿ ಇರುತ್ತದೆ. ಅದು ಎಲ್ಲಿದೆ ಎಂದು ಕೇಳಿ, ಒದ್ದೆ ಕಂಬಳಿಯನ್ನೋ ಚೀಲವನ್ನೋ ಅದರ ಮೇಲೆ ಹಾಕಬೇಡಿ. ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರು ವಾರಕ್ಕೊಮ್ಮೆ ಬಾನೆಟ್ ತೆರೆದು ಇಲಿಗಳ ಗುರುತು ನೋಡಿ. ಕಿತ್ತಳೆ ಬಣ್ಣದ ಕೇಬಲ್ ಕಚ್ಚಿದ್ದು ಕಂಡರೆ ಕೈ ಹಾಕದೆ, ಕಾರು ಚಾಲೂ ಮಾಡದೆ ಸರ್ವಿಸ್‌ನವರನ್ನು ಕರೆಸಿ, ಅದರಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಹರಿಯುತ್ತದೆ. ಮೂರನೆಯದು ನನಗೇ ಆದದ್ದು. ಹೋದ ಆಷಾಢದಲ್ಲಿ ಮೂರು ವಾರ ಕಾರು ತೆಗೆಯದೆ ಇದ್ದಾಗ ಒಳಗಿನ ಸಣ್ಣ 12 ವೋಲ್ಟ್ ಬ್ಯಾಟರಿ ಇಳಿದು, ಬಾಗಿಲೇ ತೆರೆಯಲಿಲ್ಲ. ಈಗ ಎಷ್ಟೇ ಮಳೆ ಸುರಿದರೂ ಭಾನುವಾರ ಬೆಳಿಗ್ಗೆ, ಅಪ್ಪಯ್ಯ ಕಾಫಿ ಕುಡಿಯುವ ಹೊತ್ತಿಗೆ, ಆ ಸಣ್ಣ ಬ್ಯಾಟರಿ ತುಂಬಲೆಂದು ಕಾರನ್ನು ಅಂಗಳಕ್ಕೆ ತಂದು, ಕಾರು ಓಡಲು ಸಿದ್ಧ ಎಂದು ತೋರಿಸುವ ‘ರೆಡಿ’ ದೀಪ ಹತ್ತಿಸಿ ಅರ್ಧ ಗಂಟೆ ಹಾಗೇ ಬಿಡುತ್ತೇನೆ.