ಬಾಗಿಲ ಬಳಿ ನಿಂತುಹೋಗುವ ಹೆಜ್ಜೆ

ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಆರಂಭಿಸಿದ ದಿನಗಳಲ್ಲಿ ಪಾರ್ಕಿನ್ಸನ್ ಎಂದರೆ ಕೈನಡುಕ ಎಂದೇ ನಾನು ಭಾವಿಸಿದ್ದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದಾಗಲೂ ಅದಕ್ಕೆ ಕೊಟ್ಟ ಹೆಸರಿನಲ್ಲಿ ನಡುಕವೇ ಮುಂದಿತ್ತು. ನನ್ನ ತಿಳಿವಳಿಕೆಯನ್ನು ತಿದ್ದಿದವರು ಒಬ್ಬ ನಿವೃತ್ತ ಶಿಕ್ಷಕರು. ಅವರಿಗೆ ನಡುಕ ಇರಲೇ ಇಲ್ಲ. ಕೋಣೆಯೊಳಗೆ ಸರಾಗವಾಗಿ ನಡೆಯುತ್ತಿದ್ದವರು ಬಾಗಿಲ ಹತ್ತಿರ ಬಂದೊಡನೆ ಪಾದಗಳು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಿದ್ದರು. ಮೊಣಕಾಲು ಅದುರುತ್ತಿತ್ತು, ಮೈ ಮಾತ್ರ ಮುಂದಕ್ಕೆ ವಾಲುತ್ತಿತ್ತು. ಅವರ ಪತ್ನಿ "ಬನ್ನಿ, ಒಂದೇ ಹೆಜ್ಜೆ" ಎಂದು ಕೈ ಹಿಡಿದು ಎಳೆಯುತ್ತಿದ್ದರು. ಮೊದಲ ವಾರ ನಾನೂ ಅದನ್ನೇ ಮಾಡಿದೆ. ಅವರು ಮುಗ್ಗರಿಸಿ ನನ್ನ ತೋಳಿನ ಮೇಲೆ ಬಿದ್ದ ದಿನ ನನ್ನ ತಪ್ಪು ನನಗೆ ಅರಿವಾಯಿತು.

ಈ ಕಾಯಿಲೆಯಲ್ಲಿ ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ, ಚಲನೆಗೆ ಬೇಕಾದ ಸಂದೇಶವಾಹಕ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುತ್ತಾ ಹೋಗುತ್ತವೆ. ನಡಿಗೆಯಂತಹ, ನಾವು ಯೋಚಿಸದೆಯೇ ಮಾಡುವ ಚಲನೆಗಳನ್ನು ನಡೆಸಿಕೊಡುವ ವ್ಯವಸ್ಥೆ ಇದರಿಂದ ಸೊರಗುತ್ತದೆ. ಆದರೆ ಕಣ್ಣಿಗೆ ಕಾಣುವ ಗುರುತನ್ನೋ ಕಿವಿಗೆ ಕೇಳುವ ತಾಳವನ್ನೋ ಅನುಸರಿಸಿ, ಗಮನವಿಟ್ಟು ಇಡುವ ಹೆಜ್ಜೆಗೆ ಮಿದುಳು ಬೇರೆ ದಾರಿಯನ್ನು ಬಳಸಿಕೊಳ್ಳಬಲ್ಲದು. ಆದ್ದರಿಂದ ಬಾಗಿಲ ಮುಂದಿನ ನೆಲಕ್ಕೆ, ಒಂದೊಂದು ಹೆಜ್ಜೆಯ ಅಂತರದಲ್ಲಿ, ಬಣ್ಣದ ಟೇಪನ್ನು ಅಡ್ಡಲಾಗಿ ಅಂಟಿಸಿದೆ. ಕಾಲು ಕಚ್ಚಿಕೊಂಡಾಗ ಹೊರಡಲು ಹೆಣಗದೆ ಮೊದಲು ಪೂರ್ತಿ ನಿಲ್ಲಬೇಕು, ಬೆನ್ನು ನೆಟ್ಟಗೆ ಮಾಡಬೇಕು, ಭಾರವನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತೂಗಬೇಕು, ಆಮೇಲೆ ಗೆರೆ ದಾಟಬೇಕು ಎಂದು ಇಬ್ಬರಿಗೂ ಕಲಿಸಿದೆ. ಮೊದಲ ಸಲ ಅವರು ಮೂರೂ ಗೆರೆಗಳನ್ನು ದಾಟಿ ಆಚೆ ನಿಂತಾಗ ಅವರ ಪತ್ನಿಯ ಕಣ್ಣು ತುಂಬಿ ಬಂತು.

ವ್ಯಾಯಾಮದ ಹೊತ್ತನ್ನೂ ಬದಲಿಸಬೇಕಾಯಿತು. ಡೋಪಮೈನ್ ಕೊರತೆಯನ್ನು ತುಂಬಲು ಕೊಡುವ ಲೆವೊಡೋಪಾ ಮಾತ್ರೆಯ ಪರಿಣಾಮ ಇಳಿದಾಗಲೇ ಅವರ ಹೆಜ್ಜೆ ಹೆಚ್ಚು ಕಟ್ಟುತ್ತಿದ್ದುದರಿಂದ, ಯಾವ ಗಂಟೆಗೆ ಮಾತ್ರೆ, ಯಾವ ಗಂಟೆಗೆ ಊಟ, ಯಾವಾಗ ಕಾಲು ನಿಂತಿತು ಎಂಬುದನ್ನು ಬರೆದಿಡಲು ಹೇಳಿದೆ. ಪ್ರೋಟೀನ್ ಹೆಚ್ಚಿರುವ ಊಟದೊಂದಿಗೆ ನುಂಗಿದರೆ ಕೆಲವರಲ್ಲಿ ಈ ಔಷಧ ಸರಿಯಾಗಿ ಹೀರಿಕೆಯಾಗುವುದಿಲ್ಲ. ಆ ಟಿಪ್ಪಣಿಯನ್ನು ನೋಡಿ ನರರೋಗ ತಜ್ಞರು ಮಾತ್ರೆಯ ವೇಳೆಯನ್ನು ಸರಿಪಡಿಸಿದರು; ಅದು ಅವರೇ ಮಾಡಬೇಕಾದ ಕೆಲಸ, ನನ್ನದಾಗಲಿ ಮನೆಯವರದಾಗಲಿ ಅಲ್ಲ.

ನನ್ನನ್ನು ಹೆಚ್ಚು ಕಲಕಿದ್ದು ಅವರ ಪತ್ನಿ ಒಂದು ದಿನ ತಗ್ಗಿದ ದನಿಯಲ್ಲಿ ಹೇಳಿದ ಮಾತು: "ಎರಡು ವರ್ಷದಿಂದ ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಅಂದುಕೊಂಡಿದ್ದೆ." ಮುಖದ ಸ್ನಾಯುಗಳ ಚಲನೆ ಕುಗ್ಗಿ ನಗು ಮೂಡುತ್ತಿರಲಿಲ್ಲ, ದನಿಯೂ ಕ್ಷೀಣಿಸಿತ್ತು. ಒಳಗಿನ ಭಾವ ಹಾಗೆಯೇ ಇದೆ, ಅದನ್ನು ಹೊರಗೆ ತರುವ ಸ್ನಾಯುಗಳಷ್ಟೇ ನಿಧಾನವಾಗಿವೆ ಎಂದು ವಿವರಿಸಿದೆ. ಶಿಕ್ಷಕರು ಪಕ್ಕದಲ್ಲೇ ಕುಳಿತು ಕೇಳುತ್ತಿದ್ದರು. ತುಸು ಹೊತ್ತಾದ ಮೇಲೆ, ಬಹಳ ಮೆಲ್ಲಗೆ, "ಮುನಿಸೇನಿಲ್ಲ" ಎಂದರು.

ಎಲ್ಲ ದಿನವೂ ಗೆರೆ ಕೆಲಸ ಮಾಡುವುದಿಲ್ಲ. ಅಂತಹ ದಿನ ಅವರ ಪತ್ನಿ ಈಗ ಕೈ ಎಳೆಯುವುದಿಲ್ಲ. ಪಕ್ಕದಲ್ಲಿ ನಿಂತು "ಒಂದು, ಎರಡು" ಎಂದು ನಿಧಾನವಾಗಿ ಎಣಿಸುತ್ತಾರೆ.