ಜಡಿಮಳೆಯಲ್ಲೂ ಅಂಗಳ ತುಂಬ ಡೇರೆ: ನಾನು ಬೆಳೆಸುವ ಬಗೆ

ಶಿರಸಿ ಸೀಮೆಯ ಅಡಿಕೆ ತೋಟದ ಮನೆ ನಮ್ಮದು. ವರ್ಷಕ್ಕೆ 100 ಇಂಚಿನ ಆಸುಪಾಸು ಮಳೆ ಬೀಳುವ ಊರು. ಜುಲೈ ಬಂತೆಂದರೆ ಗುಲಾಬಿ ಎಲೆ ಉದುರಿಸಿ ಬೋಳಾಗುತ್ತದೆ. ಸೇವಂತಿಗೆ ಇನ್ನೂ ಸಸಿ. ದಾಸವಾಳ ಅರಳಿದ ಸ್ವಲ್ಪ ಹೊತ್ತಿಗೇ ಮಳೆಯ ಹೊಡೆತಕ್ಕೆ ಮುದುಡಿಹೋಗುತ್ತದೆ. ಅಂಥ ದಿನಗಳಲ್ಲಿ ಅಂಗಳಕ್ಕೆ ಕೆಂಪು, ಹಳದಿ, ನೇರಳೆ, ಬಿಳಿ ಎಲ್ಲ ಒಟ್ಟಿಗೆ ಬೇಕು ಅಂದರೆ ನಮಗಿರುವುದು ಡೇರೆ. ಪೇಟೆಯಲ್ಲಿ ಡೇಲಿಯಾ ಅನ್ನುತ್ತಾರಲ್ಲ, ಅದೇ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರದ ಕಡೆ ಮಳೆಗಾಲದಲ್ಲಿ ಯಾವ ಮನೆಗೆ ಹೋದರೂ ಅಂಗಳದಲ್ಲಿ ನಾಲ್ಕಾದರೂ ಡೇರೆ ಗಿಡ ಕಾಣುತ್ತವೆ. ಅವನ್ನು ನೋಡಿಕೊಳ್ಳುವುದು ಹೆಚ್ಚಾಗಿ ಹೆಂಗಸರೇ.

"ಇಷ್ಟು ಮಳೇಲಿ ಗಡ್ಡೆ ಕೊಳೆಯಲ್ವಾ?" ಅಂತ ಬಯಲುಸೀಮೆಯಿಂದ ಬಂದ ನೆಂಟರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಡೇರೆಗೆ ನಾನು ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಈ ಕೊಳೆತ ತಪ್ಪಿಸುವುದಕ್ಕೇ. ಡೇರೆಗೆ ಮಳೆ ಆಗುತ್ತದೆ. ಬುಡದಲ್ಲಿ ನಿಂತ ನೀರು ಆಗಿಬರುವುದಿಲ್ಲ.

ಈ ಗಿಡದ ತವರು ಮೆಕ್ಸಿಕೋದ ಬೆಟ್ಟಗಳು. ಅಲ್ಲಿಂದ ಸ್ಪೇನಿಗೆ ಹೋಗಿ, ಮ್ಯಾಡ್ರಿಡ್ ನಗರದ ಸಸ್ಯತೋಟದಲ್ಲಿ ಅರಳಿ, 1791ರಲ್ಲಿ ಆಂಡರ್ಸ್ ಡಾಲ್ ಎಂಬ ಸ್ವೀಡನ್ನಿನ ಸಸ್ಯವಿಜ್ಞಾನಿಯ ನೆನಪಿಗೆ ಡೇಲಿಯಾ ಅಂತ ಹೆಸರು ಪಡೆಯಿತು. 1963ರಿಂದ ಅದು ಮೆಕ್ಸಿಕೋದ ರಾಷ್ಟ್ರೀಯ ಹೂ. ನನಗೆ ಇದರಲ್ಲಿ ಮುಖ್ಯ ಅನಿಸುವುದು ಬೇರೆಯೇ. ಅಲ್ಲಿಯೂ ಮಳೆ ಬೀಳುವುದು ನಮ್ಮ ಹಾಗೇ, ಜೂನ್‌ನಿಂದ ಅಕ್ಟೋಬರ್ ಹೊತ್ತಿಗೆ. ಆಮೇಲೆ ಒಣ ಚಳಿಗಾಲ. ಮಳೆಯಲ್ಲಿ ಬೆಳೆದು, ಚಳಿಯಲ್ಲಿ ಗಡ್ಡೆಯೊಳಗೆ ಮಲಗುವುದು ಅದರ ಹುಟ್ಟುಗುಣ. ಆದರೆ ಬೆಟ್ಟದ ಇಳಿಜಾರಲ್ಲಿ ಬಿದ್ದ ನೀರು ಹರಿದುಹೋಗುತ್ತದೆ. ನಮ್ಮ ಅಂಗಳ ಸಪಾಟು. ಹಾಗಾಗಿ ಆ ಇಳಿಜಾರನ್ನು ನಾವೇ ಮಾಡಿಕೊಡಬೇಕು.

ಕೆಲಸ ಶುರುವಾಗುವುದು ಮೇ ತಿಂಗಳಲ್ಲಿ, ಕೃತ್ತಿಕೆ ಮಳೆಯ ಹೊತ್ತಿಗೆ. ಒಂದೆರಡು ಅಡ್ಡಮಳೆ ಬಿದ್ದು ಗಾಳಿಯಲ್ಲಿ ತಂಪಾದರೆ ಸಾಕು, ಎತ್ತಿಟ್ಟ ಗಡ್ಡೆ ತಾನಾಗಿಯೇ ಎಚ್ಚರಾಗುತ್ತದೆ. ಗೊಂಚಲು ನೋಡಲು ಗೆಣಸಿನ ಹಾಗಿರುತ್ತದೆ. ಹೊಸಬರು ದಪ್ಪ ಗಡ್ಡೆಯನ್ನೇ ಹುಡುಕಿ ಆರಿಸುತ್ತಾರೆ. ದಪ್ಪ ನೋಡಬೇಡಿ, ಕುತ್ತಿಗೆ ನೋಡಿ. ಗೆಣಸು, ಆಲೂಗಡ್ಡೆಗೆ ಇರುವ ಹಾಗೆ ಡೇರೆಗೆ ಮೈಮೇಲೆಲ್ಲ ಕಣ್ಣಿಲ್ಲ. ಗಡ್ಡೆ ಹಳೆಯ ಕಾಂಡಕ್ಕೆ ಅಂಟಿಕೊಂಡಿರುವ ಜಾಗದಲ್ಲಿ, ಕುತ್ತಿಗೆಯ ಮೇಲ್ತುದಿಯಲ್ಲಿ, ಸಣ್ಣ ಗುಬುಟು ಇರುತ್ತದೆ. ಮೊದಲು ಅದು ಚರ್ಮದ ಬಣ್ಣದ್ದೇ. ಸ್ವಲ್ಪ ಪಸೆ ತಾಗಿದ ಮೇಲೆ ತಿಳಿ ಗುಲಾಬಿಗೋ ಹಸಿರಿಗೋ ತಿರುಗುತ್ತದೆ. ಅದೇ ಕಣ್ಣು. ಕುತ್ತಿಗೆ ಮುರಿದಿದ್ದರೆ ಅಥವಾ ಬುಡದ ಆ ಭಾಗ ಇಲ್ಲದಿದ್ದರೆ, ಗಡ್ಡೆ ಎಷ್ಟೇ ದಪ್ಪಗಿದ್ದರೂ ಬೇರು ಬಿಡಬಹುದು, ಗಿಡ ಮಾತ್ರ ಏಳುವುದಿಲ್ಲ. ಕಿರುಬೆರಳಿನಷ್ಟು ತೆಳ್ಳಗಿರಲಿ, ಕಣ್ಣು ಇದ್ದರೆ ನನಗೆ ಅದೇ ಬೇಕು.

ಹಾಗಾಗಿ ಗೊಂಚಲನ್ನು ಒಣಗಿದ್ದಾಗಲೇ ಬಿಡಿಸುವುದಿಲ್ಲ. ಗೋಣಿಚೀಲದ ಮೇಲೆ ಹರಡಿ, ಮೇಲೊಂದಿಷ್ಟು ತೆಂಗಿನ ನಾರಿನ ಪುಡಿ ಉದುರಿಸಿ, ದಿನ ಬಿಟ್ಟು ದಿನ ನೀರು ಚಿಮುಕಿಸುತ್ತೇನೆ. ಕಣ್ಣು ಕಾಣಿಸಿದ ಮೇಲೆ ಹರಿತವಾದ ಚಾಕುವಿನಿಂದ, ಒಂದೊಂದು ಗಡ್ಡೆಗೂ ಹಳೆಯ ಕಾಂಡದ ಒಂದು ಚೂರು ಉಳಿಯುವ ಹಾಗೆ ಸೀಳುತ್ತೇನೆ. ಒಂದು ಗೊಂಚಲು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮೊದಲು ಚಾಕುವಿನ ಬಾಯಿಯನ್ನು ಬೆಂಕಿಗೆ ಹಿಡಿಯುತ್ತೇನೆ. ರೋಗ ಚಾಕುವಿನಿಂದಲೂ ದಾಟುತ್ತದೆ. ಕೊಯ್ದ ಗಾಯಕ್ಕೆ ಒಲೆಯ ಬೂದಿ ಒತ್ತಿ ಒಂದು ದಿನ ನೆರಳಲ್ಲಿ ಆರಲು ಬಿಡುತ್ತೇನೆ.

ನೆಡುವುದು ಚೀಲದಲ್ಲಿ. ಖಾಲಿ ಸಿಮೆಂಟ್ ಚೀಲ, ಗೊಬ್ಬರದ ಚೀಲ ಯಾವುದಾದರೂ ಸರಿ, ಒಮ್ಮೆ ತೊಳೆದು ಬಾಯಿಯನ್ನು ಹೊರಕ್ಕೆ ಮಡಿಚಿ ಮೊಣಕಾಲೆತ್ತರಕ್ಕೆ ತರುತ್ತೇನೆ. ಅಡಿಯಲ್ಲಿ ಮಾತ್ರವಲ್ಲ, ಬುಡದಿಂದ ನಾಲ್ಕು ಬೆರಳು ಮೇಲೆ ಸುತ್ತಲೂ ತೂತು ಬೇಕು. ಅಡಿಯ ತೂತು ನೆಲಕ್ಕೆ ಅಂಟಿ ಮುಚ್ಚಿಹೋದರೂ ಪಕ್ಕದ್ದು ನೀರು ಬಿಡುತ್ತದೆ. ಒಳಗೆ ಮೊದಲು ಜಂಬಿಟ್ಟಿಗೆಯ ಚೂರು, ಮೇಲೆ ಒಂದು ಹಿಡಿ ದರಕು, ಅಂದರೆ ಉದುರಿದ ಒಣ ಎಲೆ. ಆಮೇಲೆ ಮಣ್ಣು. ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮರಳು ಮತ್ತು ಸುಟ್ಟ ಭತ್ತದ ಹೊಟ್ಟು ಸೇರಿ ಇನ್ನೊಂದು ಪಾಲು. ಹಸಿ ಗೊಬ್ಬರ ಬೇಡವೇ ಬೇಡ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಒಡೆದು ಉದುರಬೇಕು. ಉಂಡೆಯಾಗಿಯೇ ಕೂತರೆ ಇನ್ನಷ್ಟು ಮರಳು ಹಾಕುತ್ತೇನೆ.

ಗಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲಕ್ಕಿಟ್ಟು, ನಾಲ್ಕು ಇಂಚು ಆಳಕ್ಕೆ ಹುಗಿದು ಮಣ್ಣನ್ನು ನಡುವೆ ಸ್ವಲ್ಪ ಗುಡ್ಡೆ ಮಾಡುತ್ತೇನೆ. ನೆಲದ ಮಡಿಯಲ್ಲಿ ನೆಡುವುದಾದರೆ ಮಡಿ ಒಂದಡಿಯಾದರೂ ಎತ್ತರ ಇರಲಿ, ಗಿಡದಿಂದ ಗಿಡಕ್ಕೆ ಎರಡಡಿ ಬಿಡಿ. ಚೀಲಗಳನ್ನು ಅಡಿಕೆ ಮರ ಸೀಳಿದ ಎರಡು ದಬ್ಬೆಯ ಮೇಲೆ ಸಾಲಾಗಿ ಇಡುತ್ತೇನೆ, ನೆಲಕ್ಕೆ ತಾಗಿಸುವುದಿಲ್ಲ. ಸೂರಿನ ನೀರು ಧಾರೆಯಾಗಿ ಬೀಳುವ ಗೆರೆಯಿಂದ ಮಾತ್ರ ದೂರ ಇಡಬೇಕು. ಆಕಾಶದ ಮಳೆ ತಡೆದುಕೊಳ್ಳುವ ಗಿಡ, ಹಂಚಿನ ಧಾರೆ ತಡೆಯುವುದಿಲ್ಲ. ಬಿಸಿಲು ಇದ್ದಷ್ಟೂ ಸಿಗುವ ಜಾಗವೇ ಬೇಕು. ಮರದ ಅಡಿ ಇಟ್ಟರೆ ಗಿಡ ಸೊರಗಿ ಉದ್ದವಾಗುತ್ತದೆ, ಹೂ ಕಡಿಮೆ.

ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಗಡ್ಡೆಯಿಂದ ಎದ್ದ ಹಿಳ್ಳು, ಅಂದರೆ ಎಳೆ ಕುಡಿ, ಗೇಣುದ್ದ ಆಗಿರುತ್ತದೆ. ಒಂದು ಗಡ್ಡೆಯಿಂದ ಮೂರು ನಾಲ್ಕು ಎದ್ದರೆ ಒಂದನ್ನೋ ಎರಡನ್ನೋ ಉಳಿಸಿ ಬಾಕಿಯವನ್ನು ಬುಡಕ್ಕೆ ಕೊಯ್ಯುತ್ತೇನೆ. ಕೊಯ್ದದ್ದನ್ನು ಎಸೆಯುವುದಿಲ್ಲ. ಒಂದು ಗೆಣ್ಣಿನ ಕೆಳಗೆ ಕತ್ತರಿಸಿ, ಅಡಿಯ ಎಲೆ ತೆಗೆದು, ಮರಳು ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಊರಿ ಜಗಲಿ ಕಟ್ಟೆಯ ಮೇಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಮಳೆಗಾಲದ ತಂಪಿನಲ್ಲಿ ಇದಕ್ಕೆ ಬೇರಿನ ಪುಡಿ, ಮದ್ದು ಏನೂ ಬೇಡ. ಆ ಕುಡಿಯಿಂದ ಎದ್ದ ಗಿಡವೂ ಅದೇ ವರ್ಷ ಹೂ ಬಿಡುತ್ತದೆ, ವರ್ಷದ ಕೊನೆಗೆ ತನ್ನದೇ ಗಡ್ಡೆ ಕಟ್ಟುತ್ತದೆ.

ನಾಲ್ಕು ಜೊತೆ ಎಲೆ ಬಂದಾಗ ನಡುಕುಡಿ ಚಿವುಟಬೇಕು. ಬಹಳ ಜನಕ್ಕೆ ಇಲ್ಲಿ ಕೈ ಬರುವುದಿಲ್ಲ. ಚೆಂದ ಏಳುತ್ತಿರುವ ಗಿಡವನ್ನು ಯಾಕೆ ಮುರಿಯಬೇಕು ಅಂತ ಬೇಸರ. ಚಿವುಟದಿದ್ದರೆ ಒಂದೇ ಕಾಂಡ ಆಳೆತ್ತರ ಹೋಗಿ ತುದಿಯಲ್ಲಿ ಒಂದು ಹೂ ಬಿಟ್ಟು ಗಾಳಿಗೆ ಬೀಳುತ್ತದೆ. ಚಿವುಟಿದರೆ ಪ್ರತಿ ಎಲೆಯ ಕಂಕುಳಿಂದಲೂ ಗೆಲ್ಲು ಒಡೆದು ಗಿಡ ಪೊದೆಯಾಗುತ್ತದೆ. ಡೇರೆಯ ಕಾಂಡದೊಳಗೆ ಪೊಳ್ಳು, ಹೂ ಭಾರ. ಆದ್ದರಿಂದ ಗಡ್ಡೆ ನೆಡುವ ದಿನವೇ ಊರುಗೋಲು ನಿಲ್ಲಿಸುತ್ತೇನೆ. ಆಮೇಲೆ ಚುಚ್ಚಿದರೆ ಗಡ್ಡೆಗೆ ತಾಗಿ ಆ ಗಾಯದಿಂದ ಕೊಳೆ ಹತ್ತುತ್ತದೆ. ಕಟ್ಟುವುದು ಬಾಳೆಪಟ್ಟೆಯಿಂದ, ಸಡಿಲವಾಗಿ.

ಗೊಬ್ಬರದ ವಿಷಯದಲ್ಲಿ ನಾನು ಕೈ ಬಿಗಿ ಹಿಡಿಯುತ್ತೇನೆ. ಯೂರಿಯಾ ಹಾಕಿದರೆ ಎಲೆ ದೊಡ್ಡದಾಗಿ ಕಡುಹಸಿರಾಗುತ್ತದೆ, ಕಾಂಡ ಮೆತ್ತಗಾಗುತ್ತದೆ, ಮೊಗ್ಗು ತಡವಾಗುತ್ತದೆ. ಶೇಂಗಾ ಹಿಂಡಿಯನ್ನು ನೀರಲ್ಲಿ ಕೊಳೆಸಿ, ಚೆನ್ನಾಗಿ ತೆಳ್ಳಗೆ ಮಾಡಿ, ಮಳೆ ಬಿಟ್ಟು ಹೊಳವಾದ ದಿನ ಬುಡಕ್ಕೆ ಹಾಕುತ್ತೇನೆ. ಮೊಗ್ಗು ಕಂಡ ಮೇಲೆ ಅದನ್ನೂ ನಿಲ್ಲಿಸಿ ಬೂದಿ ಮಾತ್ರ. ಮೊಗ್ಗು ಮೂರು ಮೂರಾಗಿ ಬರುತ್ತದೆ. ನಡುವಿನದನ್ನು ಉಳಿಸಿ ಅಕ್ಕಪಕ್ಕದವನ್ನು ಕಡಲೆಕಾಳಿನಷ್ಟಿರುವಾಗಲೇ ತೆಗೆದರೆ ದೊಡ್ಡ ಜಾತಿಯಲ್ಲಿ ಎಂಟು ಇಂಚು ದಾಟುವ ಹೂ ಸಿಗುತ್ತದೆ. ಚಿಕ್ಕ ಚೆಂಡಿನಂಥ ಜಾತಿಗೆ ಇದು ಬೇಡ. ಅವು ರಾಶಿ ಬಿಟ್ಟರೇ ಚೆಂದ.

ಮಳೆಗಿಂತ ಜಾಸ್ತಿ ಕಾಟ ಬಸವನಹುಳುವಿನದು. ರಾತ್ರಿ ಊಟ ಮುಗಿದ ಮೇಲೆ ಬ್ಯಾಟರಿ ಹಿಡಿದು ಹೋಗಿ ಹೆಕ್ಕಿ ಉಪ್ಪುನೀರಿನ ಡಬ್ಬಿಗೆ ಹಾಕುತ್ತೇನೆ. ಬೂದಿಯ ಗೆರೆ ಎಳೆದರೆ ಒಂದು ಮಳೆಗೆ ತೊಳೆದುಹೋಗುತ್ತದೆ, ಕೈಯಲ್ಲಿ ಹೆಕ್ಕುವುದೇ ಉಪಾಯ. ಎಳೆ ಹಿಳ್ಳು ಇರುವ ಮೊದಲ ತಿಂಗಳು ತಪ್ಪಿಸದೆ ಮಾಡಿದರೆ ಆಮೇಲೆ ಗಿಡ ತಾನೇ ತಡೆದುಕೊಳ್ಳುತ್ತದೆ. ಮುಳ್ಳುಹಂದಿಗೆ, ಹೆಗ್ಗಣಕ್ಕೆ ಗಡ್ಡೆ ಇಷ್ಟ. ಚೀಲಗಳನ್ನು ಹಿತ್ತಲಿನ ತುದಿಯಲ್ಲಿಡದೆ ಅಂಗಳದಲ್ಲೇ, ನಾಯಿ ಮಲಗುವ ಕಡೆ ಇಡುವುದು ಅದಕ್ಕೇ. ಎಲೆಚುಕ್ಕೆ ಬಂದರೆ ಬುಡದ ಎಲೆಗಳನ್ನು ಕಿತ್ತು ಗಾಳಿ ಆಡುವಂತೆ ಮಾಡುತ್ತೇನೆ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ದಿನ ಅದೇ ಬೋರ್ಡೋ ದ್ರಾವಣವನ್ನು ಒಂದು ಸುತ್ತು ಡೇರೆಗೂ ತೆಳ್ಳಗೆ ಸಿಂಪಡಿಸುವುದುಂಟು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಅದೇ ಲೆಕ್ಕ. ಹೂ ಅರಳಿದ ಮೇಲೆ ಹೊಡೆದರೆ ಎಸಳಿನ ಮೇಲೆ ನೀಲಿ ಕಲೆ ಕೂರುತ್ತದೆ, ಅದಕ್ಕೆ ಮೊದಲೇ ಮುಗಿಸಬೇಕು.

ಎಲೆಯ ನರದ ಉದ್ದಕ್ಕೂ ಹಳದಿ ಪಟ್ಟೆ ಎದ್ದು ಗಿಡ ಕುಗ್ಗಿದರೆ ಅದು ವೈರಸ್. ಔಷಧಿ ಇಲ್ಲ. ಎಷ್ಟೇ ಅಪರೂಪದ ಬಣ್ಣವಾದರೂ ಕಿತ್ತು ಸುಡುತ್ತೇನೆ. ಸಸ್ಯಹೇನು ಅದನ್ನು ಪಕ್ಕದ ಗಿಡಕ್ಕೆ ಒಯ್ಯುತ್ತದೆ. ಅದರ ಕುಡಿ ಊರಿದರೂ, ಗಡ್ಡೆ ಕೊಟ್ಟರೂ ರೋಗವನ್ನೇ ಕೊಟ್ಟ ಹಾಗೆ.

ಆಶ್ಲೇಷ ಮಳೆಯಿಂದ ಹೂ ಶುರು. ಚೌತಿಯ ಹೊತ್ತಿಗೆ ಅಂಗಳ ತುಂಬುತ್ತದೆ, ನವರಾತ್ರಿವರೆಗೂ ನಡೆಯುತ್ತದೆ. ಮಣ್ಣು ಮೆತ್ತಿದಂಥ ಕಡುಗೆಂಪು, ತುದಿ ಮಾತ್ರ ಬೆಳ್ಳಗಿರುವ ನೇರಳೆ, ಎಸಳು ಸೂಜಿಯಂತೆ ಸುರುಳಿ ಸುತ್ತಿದ ನಿಂಬೆ ಹಳದಿ, ಒಂದೇ ಸುತ್ತಿನ ಎಸಳಿನ ಕಿತ್ತಳೆ. ಕೊನೆಯದರ ಮೇಲೆ ಜೇನು ಜಾಸ್ತಿ, ನಡುವಿನ ಪರಾಗ ಬಿಚ್ಚಿ ಕಾಣುತ್ತದಲ್ಲ. ನೀಲಿ ಒಂದು ಮಾತ್ರ ಡೇರೆಯಲ್ಲಿ ಇಲ್ಲ. ನೀಲಿ ಅಂತ ಹೇಳಿ ಗಡ್ಡೆ ಮಾರುವವರನ್ನು ನಂಬಬೇಡಿ. ಎರಡು ಬಣ್ಣದ ಗಿಡದಲ್ಲಿ ಒಂದು ಗೆಲ್ಲು ಪೂರ್ತಿ ಒಂದೇ ಬಣ್ಣದ ಹೂ ಬಿಡುವುದೂ ಉಂಟು. ಹಾಗಾದರೆ ಬಣ್ಣ ಚೆನ್ನಾಗಿ ಬೆರೆತ ಗೆಲ್ಲಿನಿಂದಲೇ ಕುಡಿ ತೆಗೆಯುತ್ತೇನೆ. ಬೀಜದಿಂದ ಎಬ್ಬಿಸಿದರೆ ತಾಯಿಯ ಬಣ್ಣ ಸಿಗುವುದಿಲ್ಲ. ಏನು ಬರುತ್ತದೋ ನೋಡುವ ಆಸೆಯಿದ್ದವರಿಗೆ ಅದು ಸರಿ.

ಹೂ ಕೊಯ್ಯುವುದಾದರೆ ಬೆಳಿಗ್ಗೆ, ಪೂರ್ತಿ ಅರಳಿದ್ದನ್ನೇ. ಮೊಗ್ಗು ಕೊಯ್ದು ನೀರಲ್ಲಿಟ್ಟರೆ ಅರಳುವುದಿಲ್ಲ.

ನಮ್ಮ ಕಡೆ ಬಣ್ಣಗಳಿಗೆ ಹೆಸರು ಬರುವುದು ಕೊಟ್ಟ ಮನೆಯಿಂದ. ಮೇಲಿನಮನೆ ಕೆಂಪು, ದೊಡ್ಡಮ್ಮನ ಹಳದಿ, ಹೀಗೆ. ಸೆಪ್ಟೆಂಬರಿನಲ್ಲಿ ಮನೆಗೆ ಬಂದವರು ಚಹಾ ಕುಡಿಯುವ ಮೊದಲು ಅಂಗಳ ಸುತ್ತುತ್ತಾರೆ. "ಅಕ್ಕಾ, ಈ ನೇರಳೆದು ಒಂದು ಗಡ್ಡೆ ನಂಗೆ ತೆಗೆದಿಡಿ" ಅನ್ನುತ್ತಾರೆ. ಆಗಲೇ ಆ ಗಿಡಕ್ಕೆ ಒಂದು ಬಟ್ಟೆಚೂರು ಕಟ್ಟುತ್ತೇನೆ. ಹೂ ಇರುವಾಗಲೇ ಗುರುತು ಮಾಡಬೇಕು, ಒಣಗಿದ ಮೇಲೆ ಎಲ್ಲ ಗಡ್ಡೆಯೂ ಒಂದೇ. ರೋಗವಿಲ್ಲದ ಗಿಡ ಯಾವುದು ಅಂತ ತಿಳಿಯುವುದೂ ಆಗಲೇ. ಒಳ್ಳೆಯ ಬಣ್ಣವನ್ನು ತಾನೊಬ್ಬಳೇ ಇಟ್ಟುಕೊಳ್ಳುವವರನ್ನೂ ಕಂಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. ಇಲಿ, ಕೊಳೆ, ಮುಳ್ಳುಹಂದಿ ಯಾವ ವರ್ಷ ಯಾರ ಮನೆಯ ಗಡ್ಡೆ ತಿನ್ನುತ್ತದೋ ಹೇಳಲಾಗದು. ನಾಲ್ಕು ಮನೆಗೆ ಹೋದ ಬಣ್ಣ ಊರಲ್ಲಿ ಉಳಿಯುತ್ತದೆ. ಶಿರಸಿಯ ವನಸ್ತ್ರೀ ಬಳಗದವರು ಮಳೆಗಾಲದ ಮೊದಲು ನಡೆಸುವ ಮಲೆನಾಡು ಮೇಳದಲ್ಲೂ ತರಕಾರಿ ಬೀಜ, ಗಡ್ಡೆಗೆಣಸು, ಹೂಗಿಡ ಕೈಯಿಂದ ಕೈಗೆ ಹೋಗುತ್ತವೆ.

ಹೂ ಮುಗಿದ ಕೂಡಲೇ ಗಿಡ ಕಡಿಯಬೇಡಿ. ಗಡ್ಡೆ ದಪ್ಪವಾಗುವುದು ಹಗಲು ಹನ್ನೆರಡು ಗಂಟೆಗಿಂತ ಕಡಿಮೆಯಾದ ಮೇಲೆ, ಅಂದರೆ ಸೆಪ್ಟೆಂಬರ್ ಕೊನೆ ದಾಟಿದ ಮೇಲೆ. ಹಸಿರೆಲೆ ಇದ್ದಷ್ಟು ದಿನವೂ ಅದು ಮುಂದಿನ ವರ್ಷಕ್ಕೆ ಕೂಡಿಡುತ್ತಿರುತ್ತದೆ. ಸ್ವಾತಿ ಮಳೆ ಕಳೆದು ಎಲೆ ತಾನಾಗಿ ಹಣ್ಣಾದ ಮೇಲೆ ಕಾಂಡವನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸುತ್ತೇನೆ. ಚೀಲದ್ದನ್ನು ಹಾಗೇ ಒಳಗೆ ಸರಿಸಿ ನೀರು ನಿಲ್ಲಿಸಿದರೂ ಆಯಿತು. ನೆಲದ್ದನ್ನು ಕುತ್ತಿಗೆ ಮುರಿಯದಂತೆ ದೂರದಿಂದ ಅಗೆದು, ನೆರಳಲ್ಲಿ ಒಣಗಿಸಿ, ಒಣ ಮರಳು ಬೂದಿ ಬೆರೆಸಿದ ಬುಟ್ಟಿಯಲ್ಲಿ ಇಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವೆತು ಕೊಳೆಯುತ್ತದೆ. ಆಗಾಗ ಮುಟ್ಟಿ ನೋಡಬೇಕು. ಮೆತ್ತಗಾದದ್ದನ್ನು ತೆಗೆದು, ಜಾಸ್ತಿ ಸುಕ್ಕಾದದ್ದಕ್ಕೆ ನಾಲ್ಕು ಹನಿ ನೀರು ಚಿಮುಕಿಸಬೇಕು.

ಬೆಂಗಳೂರು, ಮೈಸೂರಿನ ಕಡೆಯವರು ನಮ್ಮ ಪಂಚಾಂಗ ಹಿಡಿಯಬೇಕಾಗಿಲ್ಲ. ಅಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ನೆಟ್ಟರೆ ಚಳಿಗಾಲದ ಒಳ್ಳೆ ಬಿಸಿಲಿಗೆ ಹೂ ಬರುತ್ತದೆ. ತಾರಸಿಯ ಮೇಲಾದರೆ 12 ಇಂಚಿಗಿಂತ ಚಿಕ್ಕ ಕುಂಡ ಬೇಡ. ಮಣ್ಣಿನ ಲೆಕ್ಕ ಇದೇ ಇರಲಿ, ಮರಳು ಸ್ವಲ್ಪ ಕಡಿಮೆ ಮಾಡಿ. ಮೊಳಕೆ ಮೇಲೆ ಬರುವವರೆಗೆ ನೀರನ್ನು ಚಿಮುಕಿಸಿದರೆ ಸಾಕು, ಹುಯ್ಯಬೇಡಿ. ಕುಂಡದ ಕೆಳಗೆ ನೀರು ಹಿಡಿಯಲು ತಟ್ಟೆ ಇಟ್ಟಿದ್ದರೆ ಅದನ್ನು ತೆಗೆದು ಎರಡು ಇಟ್ಟಿಗೆ ಇಡಿ.